ಹೊಸ್ತಿಲಿಗೆ ಹೊನ್ನೆಯ ತೇಪೆ

ಯಡಿಯೂರು ಕೆರೆಯ ಹಿಂದಿನ ಬೀದಿ. ಬೆಳಗಿನ ಆರು ಗಂಟೆ. ಸೀತಾಲಕ್ಷ್ಮಿಯವರ ಮನೆಯ ಮೆಟ್ಟಿಲ ಪಕ್ಕ ಬಡಗಿ ಉಗ್ರಪ್ಪ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಉಳಿ, ಕೊಡತಿಗಳ ಚೀಲ ತಂದಿದ್ದರೂ ಬಿಚ್ಚಿಲ್ಲ. ಈ ಮನೆಯ ಮರದ ಹೊಸ್ತಿಲಿಗೆ ನಿನ್ನೆ ಅವರು ಕೂರಿಸಿದ ತೇಪೆಯ ಮೇಲೆ ಇವತ್ತು ಮೊದಲ ನೀರು ಬೀಳಬೇಕು. ಅದನ್ನು ನೋಡಲೆಂದೇ ಜರಗನಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದಾರೆ.

"ಏನಪ್ಪ ಉಗ್ರಪ್ಪ, ರಿಸಲ್ಟ್ ನೋಡಕ್ಕೆ ಬಂದಿರೋ ಹಂಗೆ ಕೂತಿದ್ದೀಯಲ್ಲ!" ಒಳಗಿನಿಂದ ಸೀತಾಲಕ್ಷ್ಮಿ ನಗುತ್ತಾರೆ.

"ಹಂಗೇ ಅಂದ್ಕೊಳಿ ಅಮ್ಮ. ನೀವು ನೀರು ಹಾಕಿ."

"ಇರು, ಬಕೆಟ್ ತುಂಬಲಿ."

ಅರವತ್ತೊಂದರ ಉಗ್ರಪ್ಪ ಮಂಚ, ಬೀರು ಮಾಡುವುದನ್ನು ಬಿಟ್ಟು ಹದಿನೈದು ವರ್ಷವಾಯಿತು. ಈಗ ಹಳೆಯ ಹೊಸ್ತಿಲುಗಳಿಗೆ ತೇಪೆ ಹಾಕುವುದೊಂದೇ ಕೆಲಸ. ತಿಂಗಳಿಗೆ ಮೂರು, ಹೆಚ್ಚೆಂದರೆ ನಾಲ್ಕು. ದಿನವೂ ತೊಳೆದು ಅರಿಸಿನ ಬಳಿಯುವ ಹೊಸ್ತಿಲಲ್ಲಿ ನೀರು ನಿಲ್ಲುವ ಕಡೆ ಎಂಥ ಮರವೂ ಒಂದು ದಿನ ಮೆತ್ತಗಾಗುತ್ತದೆ. ಹೊನ್ನೆ ಮರ ಮಾತ್ರ ತಲೆಮಾರು ತಡೆಯುತ್ತದೆ ಎನ್ನುತ್ತಾರೆ ಅವರು. ಸೀತಾಲಕ್ಷ್ಮಿಯವರದೂ ಹೊನ್ನೆಯೇ, ಅವರ ಅತ್ತೆ ಪೂಜೆ ಮಾಡಿಕೊಂಡು ಬಂದ ಹೊಸ್ತಿಲು. ಎಡಗಡೆಯ ಅರ್ಧ ಹಿಟ್ಟಿನಂತೆ ಉದುರುತ್ತಿತ್ತು. ಕಿತ್ತು ಗ್ರಾನೈಟ್ ಹಾಕಿಸಿ ಎಂದವರೇ ಹೆಚ್ಚು.

ಉಗ್ರಪ್ಪ ಕೆಲಸ ಹಿಡಿಯುವುದು ಬೆಳಗಿನ ಪೂಜೆ ಮುಗಿದ ಮೇಲೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲು ಬಾಯಿ ಬಿಟ್ಟುಕೊಂಡಿರಬಾರದು. ಅಷ್ಟರೊಳಗೆ ಕೊಳೆತದ್ದನ್ನು ಕೆತ್ತಿ, ಹೊನ್ನೆಯ ತುಂಡು ಇಳಿಸಿ, ಬಿದಿರಿನ ಮೊಳೆ ಹೊಡೆಯುತ್ತಾರೆ. ಕಬ್ಬಿಣದ ಮೊಳೆ ತುಕ್ಕು ಕಾರುತ್ತದೆಂದು ಮುಟ್ಟುವುದಿಲ್ಲ.

ಆದರೆ ಹೊನ್ನೆಗೆ ಒಂದು ಗುಣವಿದೆ. ತೊಗಟೆಗೆ ಏಟು ಬಿದ್ದರೆ ಸೊನೆ ರಕ್ತದಂತೆ ಕೆಂಪಗೆ ಸುರಿಯುತ್ತದೆ. ಈ ಕೆಲಸ ಹಿಡಿದ ಮೊದಲ ವರ್ಷವೇ, ಹನುಮಂತನಗರದ ಒಂದು ಮನೆಯಲ್ಲಿ ಅದು ಅವರನ್ನು ಕೆಡವಿತು.

"ಒಣಗೈತೆ ಅಂದ್ಕೊಂಡು ತೊಗಟೆ ಕಡೆ ಹಸಿ ತುಂಡು ಹಾಕ್ಬಿಟ್ಟೆ ಸಾರ್. ಬೆಳಿಗ್ಗೆ ಆ ಯಮ್ಮ ನೀರು ಹಾಕೈತೆ, ರಂಗೋಲಿ ಮೇಲೆಲ್ಲ ಕೆಂಪಗೆ ಹರಿದೈತೆ. ಮಗಳ ಮದ್ವೆಗೆ ನಾಕೇ ದಿನ. ಅದು ಮರದ ಸೊನೆ ಅಂತ ನಾನು ಎಷ್ಟ್ ಹೇಳಿದ್ರೂ ಕೇಳ್ಲಿಲ್ಲ, ಅಪಶಕುನ ಅಂದ್ಬಿಟ್ರು. ಮದ್ವೆ ಹೆಣ್ಣೂ ಹಿತ್ಲು ಬಾಗ್ಲಿಂದ್ಲೇ ಹೋಯ್ತು."

ನನಗೆ ಇಷ್ಟು ಹೇಳುವಾಗ ಈಗಲೂ ಅವರ ದನಿ ತಗ್ಗುತ್ತದೆ.

ಅಂದಿನಿಂದ ಪ್ರತಿ ತುಂಡೂ ಮೊದಲು ಜರಗನಹಳ್ಳಿಯ ಅವರ ಎರಡು ಕೋಣೆಯ ಮನೆಗೆ ಬರುತ್ತದೆ. ಅಲ್ಲಿರುವುದು ಸಿಮೆಂಟಿನ ಹೊಸ್ತಿಲು. ಅದರ ಮೇಲೂ ಒತ್ತಿಗೂ ತುಂಡುಗಳು ಸಾಲಾಗಿ ಕನಿಷ್ಠ ಮೂರು ತಿಂಗಳು ಮಲಗಿರುತ್ತವೆ. ಹೆಂಡತಿ ವಿಮಲಾ ದಿನವೂ ತೊಳೆದು, ಅರಿಸಿನ ಕುಂಕುಮ ಇಟ್ಟು, ವಾರಕ್ಕೊಮ್ಮೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡುತ್ತಾರೆ. ಬಟ್ಟೆ ಚೂರು ಕೆಂಪಾದರೂ ತುಂಡು ಹೊರಡುವಂತಿಲ್ಲ.

"ನಮ್ಮನೇಲಿ ಹೊಸ್ತಿಲು ಅಂದ್ರೆ ನೆಂಟ್ರಿದ್ದಂಗೆ," ಎನ್ನುತ್ತಾರೆ ವಿಮಲಾ. "ಒಗ್ಗಿಕೊಳ್ಳೋದ್ರೊಳಗೆ ಹೊರಟೋಗ್ತವೆ."

ಯಡಿಯೂರಿಗೆ ಹೋದ ತುಂಡು ಅವರ ಮನೆಯಲ್ಲಿ ಒಂದು ವರ್ಷ ಇತ್ತು. ಅವರ ಬಾಗಿಲಿಗೆ ಸರಿಯಾಗಿ ಕೂರುವಷ್ಟು ಉದ್ದ. "ಇದು ನಂದು, ಯಾರಿಗೂ ಕೊಡಂಗಿಲ್ಲ" ಎಂದು ವಿಮಲಾ ಹೇಳಿಟ್ಟಿದ್ದರು. ಆದರೆ ಅಳತೆಗೆ ಹೋದಾಗ ನೋಡಿದರೆ, ಸೀತಾಲಕ್ಷ್ಮಿಯವರ ಹೊಸ್ತಿಲು ಎಣಿಸಿದ್ದಕ್ಕಿಂತ ಉದ್ದಕ್ಕೆ ಕೊಳೆತಿತ್ತು. ಅಷ್ಟು ಉದ್ದದ ಪಕ್ವವಾದ ತುಂಡು ಬೇರೆ ಇರಲಿಲ್ಲ. ವಿಮಲಾ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೇ ತುಂಡನ್ನು ಹಳೇ ಸೀರೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟರು.

ಬಕೆಟ್ ಬಂತು. ಸೀತಾಲಕ್ಷ್ಮಿ ಚೊಂಬು ಚೊಂಬಾಗಿ ನೀರು ಹಾಕುತ್ತಾರೆ. ಉಗ್ರಪ್ಪ ಎದ್ದು ನಿಲ್ಲುತ್ತಾರೆ. ನೀರು ತೇಪೆಯ ಮೇಲಿಂದ ಇಳಿದು, ಮೆಟ್ಟಿಲು ದಾಟಿ, ಅಂಗಳಕ್ಕೆ ಹರಿಯುತ್ತದೆ. ನಿನ್ನೆಯ ಮರದ ಪುಡಿ ಒಂದಿಷ್ಟು ತೇಲುತ್ತದೆ, ಅಷ್ಟೆ. ಹೆಗಲ ಮೇಲಿನ ಬಿಳಿ ಟವೆಲ್ಲಿನಿಂದ ತೇಪೆಯನ್ನು ಒತ್ತಿ ಒರೆಸಿ ಬೆಳಕಿಗೆ ಹಿಡಿಯುತ್ತಾರೆ. ಟವೆಲ್ಲು ಬೆಳ್ಳಗೇ ಇದೆ.

ಸೀತಾಲಕ್ಷ್ಮಿ ಹಳೆಯದಕ್ಕೂ ಹೊಸದಕ್ಕೂ ಸೇರಿಸಿ ಅರಿಸಿನ ಬಳಿಯುತ್ತಾರೆ. "ಎಲ್ಲಿ ಸೇರಿಸಿದ್ದೀಯೋ ಗೊತ್ತೇ ಆಗಲ್ವಲ್ಲಪ್ಪ!"

"ಗೊತ್ತಾಗ್ಬಾರ್ದು ಅಮ್ಮ," ಎನ್ನುತ್ತಲೇ ಉಗ್ರಪ್ಪ ಮನೆಗೆ ಫೋನ್ ಮಾಡುತ್ತಾರೆ. "ನೀರು ತಿಳಿಯಾಗೇ ಬಂತು ಕಣೇ."

"ಬರ್ದೆ ಏನ್ರೀ? ವರ್ಷ ಪೂರ್ತಿ ತೊಳ್ದೋಳು ನಾನು!" ವಿಮಲಾ ಅವರ ದನಿ ಹೊರಗೂ ಕೇಳುತ್ತದೆ. "ನನ್ ಹೆಸ್ರಲ್ಲೊಂದು ಬೊಟ್ಟು ಇಡೋಕೆ ಹೇಳಿ ಆ ಅಮ್ಮಂಗೆ."

ಸೀತಾಲಕ್ಷ್ಮಿ ತೇಪೆಯ ನಟ್ಟನಡುವೆ ಒಂದು ಕುಂಕುಮದ ಬೊಟ್ಟು ಇಡುತ್ತಾರೆ.

ಕಾಫಿ ಕುಡಿದು, ಚೀಲ ಹೆಗಲಿಗೇರಿಸಿ ಬಸ್‌ಸ್ಟಾಪಿನ ಕಡೆ ನಡೆಯುತ್ತಾ ಉಗ್ರಪ್ಪ ಹೇಳುತ್ತಾರೆ: "ಇನ್ನೊಂದು ಉದ್ದದ್ದು ಸಿಕ್ಕಿದ್ರೆ ಅವ್ಳಿಗೇ ಸಾರ್. ಒಣಗಿದ ದಿನಾನೇ ಬಿದಿರಿನ ಮೊಳೆ ಹೊಡ್ದುಬಿಡ್ತೀನಿ. ಆಮೇಲೆ ಯಾರು ಬಂದು ಕೇಳಿದ್ರೂ ಕೀಳಕ್ಕಾಗಲ್ಲ, ನೋಡಿ."