ಹಡಗು ಹತ್ತಬೇಕಿದ್ದ ಕರಿ ಬೆಲ್ಲ

ಶಿವಣ್ಣ, ಹೊರದೇಶಕ್ಕೆ ಹೊರಟಿದ್ದ ಬೆಲ್ಲಕ್ಕೆ ಬಣ್ಣ ತಿಳಿ ಮಾಡುವ ಪುಡಿ ಹಾಕಿದವನು ನೀನಲ್ಲ. ನಾನು. ನನ್ನ ಆಲೆಮನೆಯಲ್ಲಿ, ನನ್ನ ಕೈಯಾರೆ ಹಾಕಿದೆ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು — ಈಗಲೂ ನಿನ್ನ ಮುಖ ನೋಡಿ ಹೇಳುತ್ತಿಲ್ಲ, ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಪ್ಪನ ಮಗಳು ಭಾಗ್ಯ ರಫ್ತಿನ ಸುದ್ದಿ ತಂದ ದಿನ ನಿನಗೂ ನೆನಪಿರಬೇಕು. ಮದ್ದೂರಿನಲ್ಲಿ ಬಿಕಾಂ ಓದಿ ಊರಿನ ಡೈರಿಯಲ್ಲಿ ಕೆಲಸಕ್ಕಿದ್ದವಳು, ಚಿಕ್ಕರಸಿನಕೆರೆ ಸುತ್ತಿನ ಆಲೆಮನೆಯವರನ್ನೆಲ್ಲ ಡೈರಿಯ ಜಗಲಿ ಮೇಲೆ ಕೂರಿಸಿದಳು. ನಮ್ಮ ರಾಜ್ಯದಿಂದ ಕಾಫಿ ಹೋಗುತ್ತದೆ, ರೇಷ್ಮೆ ಹೋಗುತ್ತದೆ, ಯಂತ್ರಗಳು ಹೋಗುತ್ತವೆ; ಸರಕು ಹಡಗು ಹತ್ತಿದರೆ ಲಾರಿಯವನಿಗೂ, ಚೀಲ ಹೊಲಿಯುವವಳಿಗೂ, ಕೊನೆಗೆ ಬೆಳೆದವನಿಗೂ ಅನ್ನ ಹುಟ್ಟುತ್ತದೆ — ನಮ್ಮ ಬೆಲ್ಲ ಮಾತ್ರ ಯಾಕೆ ಇಲ್ಲೇ ಬಿದ್ದಿರಬೇಕು ಎಂದಳು. ಕೊಳ್ಳುವವರೂ ಸಿಕ್ಕಿದ್ದರು. ಒಂದೇ ಷರತ್ತು: ಪುಡಿ ಕೂಡದು. ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆದರೆ ಸಾಕು, ಬೆಲ್ಲ ಕಪ್ಪಗಿದ್ದರೇ ಅವರಿಗೆ ಇಷ್ಟವಂತೆ.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಕರಿ ಬೆಲ್ಲವನ್ನು ದನಕ್ಕೆ ಇಡುತ್ತಾರೆಯೇ ಹೊರತು ನೆಂಟರಿಗೆ ಕೊಡುತ್ತಾರೆಯೇ? ಆಗ ಎದ್ದು ನಿಂತವನು ನೀನೊಬ್ಬನೇ.

"ನಾನೂ ಪುಡಿ ಆಕ್ತಿದ್ದೆ ಕಣಮ್ಮ. ಸುಳ್ಯಾಕೆ ಯೋಳ್ಲಿ? ಇನ್ಮೇಲೆ ಮುಟ್ಟಾಕಿಲ್ಲ."

ಎಲ್ಲರೂ ಹಾಕುತ್ತಿದ್ದೆವು. ಬಾಯಿ ಬಿಟ್ಟವನು ನೀನು ಮಾತ್ರ.

ನಾನೂ ಹಾಕಬಾರದೆಂದೇ ಇದ್ದೆ, ಇದು ನಿಜ. ಆದರೆ ಕೊಪ್ಪರಿಗೆ ಇಳಿಸಿ ಅಚ್ಚಿಗೆ ಹೊಯ್ದಾಗ ಬೆಲ್ಲ ಇದ್ದಿಲಿನ ಹಾಗೆ ಕಂಡಿತು. ನಮ್ಮಪ್ಪನ ಬೆಲ್ಲವನ್ನು ಮಂಡ್ಯದ ಮಾರುಕಟ್ಟೆಯಲ್ಲಿ ಬಣ್ಣ ನೋಡಿಯೇ ಗುರುತು ಹಿಡಿಯುತ್ತಿದ್ದರು. ಅವನ ಮಗ ಇದನ್ನು ಕಳಿಸುವುದೇ? ಆ ದೇಶದವರು ಚೀಲ ಬಿಚ್ಚಿ, ಮಂಡ್ಯದವರಿಗೆ ಬೆಲ್ಲ ಕಾಯಿಸಲೂ ಬಾರದು ಅಂದುಕೊಂಡರೆ — ನಾಚಿಕೆಯಾಯಿತು ಶಿವಣ್ಣ. ಮುಂದಿನ ಕೊಪ್ಪರಿಗೆಗಳಿಗೆ ಒಂದೊಂದು ಚಿಟಿಕೆ ಹಾಕಿಬಿಟ್ಟೆ. ಕಾಸಿನಾಸೆಯಲ್ಲ, ಬರೀ ಜಂಬ. ಊರಿನ ಮಾನ ಉಳಿಸುತ್ತಿದ್ದೇನೆಂಬ ಹೆಮ್ಮೆ ಬೇರೆ!

ಭಾಗ್ಯ ನನ್ನ ಅಚ್ಚುಗಳನ್ನು ನೋಡಿ, ಇದ್ಯಾಕಣ್ಣ ಇಷ್ಟು ತಿಳಿ ಎಂದಳು. ಹೊಸ ತಳಿ ಕಬ್ಬು ಎಂದೆ. ಪಾಪ, ಹುಡುಗಿ ನಂಬಿದಳು. ಆಮೇಲೆ ಎಲ್ಲರ ಬೆಲ್ಲವನ್ನೂ ಕುಟ್ಟಿ ಬೆರೆಸಿ ಚೀಲಕ್ಕೆ ತುಂಬಿದರು. ನಾನು ಅಷ್ಟು ಆಸೆಪಟ್ಟು ತಂದ ಬಣ್ಣ ಯಾರ ಕಣ್ಣಿಗೂ ಬೀಳಲಿಲ್ಲ.

ಬಂದರಿನಲ್ಲಿ ಪರೀಕ್ಷೆ ಮಾಡುವವರ ಕಣ್ಣಿಗೆ ಪುಡಿ ಬಿತ್ತು. ಇಡೀ ಸರಕು ವಾಪಸ್ಸು ಬಂತು, ಕೊಳ್ಳುವವರು ಮಂಡ್ಯದ ಸಹವಾಸವೇ ಬೇಡವೆಂದರು. ಅದೇ ಡೈರಿ ಜಗಲಿಯಲ್ಲಿ ಮತ್ತೆ ಸೇರಿದೆವು. ಬೆರೆತ ಬೆಲ್ಲದಲ್ಲಿ ಯಾರ ಪುಡಿ ಎಂದು ಹುಡುಕುವುದು ಹೇಗೆ? ಜನ ಹುಡುಕಲೂ ಇಲ್ಲ. ಹಿಂದೆ ಹಾಕುತ್ತಿದ್ದೆ ಎಂದು ನೀನೇ ಒಪ್ಪಿಕೊಂಡಿದ್ದೆಯಲ್ಲ, ಎಲ್ಲರೂ ನಿನ್ನ ಮೇಲೆ ಬಿದ್ದರು. ಪಕ್ಕದ ಆಲೆಮನೆಯವನು, ನಿನ್ನ ಕರಿ ಬೆಲ್ಲವನ್ನು ಕಣ್ಣಾರೆ ಕಂಡವನು ನಾನೆಂದು ನೀನು ನನ್ನ ಕಡೆ ತಿರುಗಿದೆ.

"ನೀನಾರಾ ಯೋಳ್ಲಾ ಪುಟ್ಟಸಾಮಿ, ನಾನು ಆಕಿಲ್ಲ ಅಂತ."

"ನಂಗೇನ್ ಗೊತ್ತಪ್ಪ" ಎಂದೆ.

ಅಷ್ಟೇ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಈ ಜನ್ಮದಲ್ಲಿ ಆಡಿಲ್ಲ. ಆಮೇಲೆ ನಿನ್ನ ಆಲೆಮನೆಗೆ ಯಾರೂ ಕಬ್ಬು ತರಲಿಲ್ಲ. ಒಲೆ ಆರಿತು. ನೀನು ಮಳವಳ್ಳಿ ಕಡೆ ಯಾರದೋ ಆಲೆಮನೆಗೆ ಕೂಲಿಗೆ ಹೊರಟೆ. ದಿನಾ ನನ್ನ ಮನೆ ಮುಂದೆಯೇ ಬಸ್ಸು ಕಾಯುತ್ತೀಯ. ನಾನು ಹಿತ್ತಲ ಬಾಗಿಲಿನಿಂದ ಗದ್ದೆಗೆ ಹೋಗುತ್ತೇನೆ. ನೀನು ಅದನ್ನು ಗಮನಿಸಿದ್ದೀಯೋ ಏನೋ...

ಕಳೆದ ವಾರ ಭಾಗ್ಯ ಮತ್ತೆ ಸಭೆ ಕರೆದಿದ್ದಳು. ಎಷ್ಟೋ ಕಡೆ ಅಲೆದು ಇನ್ನೊಬ್ಬ ರಫ್ತಿನವನನ್ನು ಒಪ್ಪಿಸಿದ್ದಾಳೆ. ಹಡಗು ಹತ್ತುವುದು ಬರೀ ಬೆಲ್ಲವಲ್ಲ ಅಣ್ಣ, ನಾವು ಕೊಟ್ಟ ಮಾತು, ಒಬ್ಬ ತಪ್ಪಿದರೂ ಸುತ್ತಿನ ಊರಿಗೆಲ್ಲ ಕೆಟ್ಟ ಹೆಸರು ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಸಿವಣ್ಣ ಒಬ್ರು ಬ್ಯಾಡ" ಅಂದಳು. ಯಾರೂ ಎದುರಾಡಲಿಲ್ಲ. ನಾನೂ. ಪ್ರತಿ ಆಲೆಮನೆಗೆ ಹೋಗಿ ಪುಡಿ ಹಾಕದಂತೆ ನೋಡಿಕೊಳ್ಳುವುದಕ್ಕೆ ನಂಬಿಕೆಯ ಮನುಷ್ಯ ಬೇಕಲ್ಲ — ಎಲ್ಲರೂ ಸೇರಿ ನನ್ನನ್ನೇ ಆರಿಸಿದರು. ಚಪ್ಪಾಳೆ ಬೇರೆ ತಟ್ಟಿದರು.

ಕ್ಷಮಿಸು ಎಂದು ಕೇಳುವುದಿಲ್ಲ. ಹೇಳಿಬಿಟ್ಟರೆ ನಿನ್ನ ಒಲೆ ತಾನಾಗಿ ಹೊತ್ತಿಕೊಳ್ಳುವುದೂ ಇಲ್ಲ. ಈ ಸಲ ಹೊರಗುಳಿಯಬೇಕಾದ ಆಲೆಮನೆ ನನ್ನದು, ಅದು ಖಂಡಿತ. ನಾಳೆ ಬೆಳಿಗ್ಗೆ ಹಾಲು ಹಾಕಲು ಊರೆಲ್ಲ ಡೈರಿ ಮುಂದೆ ನಿಂತಿರುತ್ತದೆ. ಮುಂಬಾಗಿಲಿನಿಂದಲೇ ಹೊರಟು, ಬಸ್ಸು ಕಾಯುತ್ತಿರುವ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ. ನೀನು ಬರುವುದಿಲ್ಲ ಎಂದರೆ ಒಬ್ಬನೇ ಹೋಗುತ್ತೇನೆ. ಅಂದು ನೀನು ಕೇಳಿದ ಮಾತನ್ನು, ನೀನು ಕೇಳಿದ ಜಾಗದಲ್ಲೇ, ಗಟ್ಟಿಯಾಗಿ ಹೇಳುತ್ತೇನೆ:

"ಸಿವಣ್ಣ ಆಕಿಲ್ಲ ಕಣ್ರಪ್ಪಾ. ಆಕ್ದೋನು ನಾನು."