ಸ್ವಿಚ್ಚಿನ ಮೇಲೆ ಹುರುಳಿಕಾಳು

ಗೆಳೆಯರೇ, ವಿದ್ಯಾರ್ಥಿವೇತನದ ಅರ್ಜಿಗೆ ಇಂದೇ ಕೊನೆಯ ದಿನ. ಅಕ್ಕಿಹೆಬ್ಬಾಳಿನ ಸಲ್ಮಾ ಅರ್ಧ ಅರ್ಜಿ ತುಂಬಿದ್ದಳು, ಅಷ್ಟರಲ್ಲಿ ನಮ್ಮ ಕಾಲೇಜು ಗ್ರಂಥಾಲಯದ ಎಲ್ಲ ಕಂಪ್ಯೂಟರುಗಳಲ್ಲೂ ಇಂಟರ್ನೆಟ್ ನಿಂತುಹೋಯಿತು.

ರಿಪೇರಿಗೆ ಬಂದ ಮಂಜು, ಎಲ್ಲ ಕೇಬಲ್ಲುಗಳು ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ನೋಡಲು ಕಪಾಟು ತೆರೆದ. ಸ್ವಿಚ್ಚಿನ ಮೇಲೆ ಒದ್ದೆ ಬಟ್ಟೆಯಲ್ಲಿ ಕಟ್ಟಿದ ಹುರುಳಿಕಾಳಿತ್ತು.

“ಯಾರವ್ವ ಇದ್ನ ಇಲ್ಲಿ ಮಡಗ್ದೋರು?”

“ನಾನೇ ಕಣಪ್ಪ,” ಎಂದರು ನಮ್ಮ ಅಟೆಂಡರ್ ಜಯಮ್ಮ. “ಅದು ಬೆಚ್ಚಗಿರ್ತದೆ, ಬ್ಯಾಗ ಮೊಳ್ಕೆ ಬತ್ತದೆ.”

“ನೀರ್ ಇಳ್ದು ಸ್ವಿಚ್ಚೇ ಸುಟ್ಟೋಗದೆ!”

“ಮೊಳ್ಕೆ ಮಾತ್ರ ಚೆನ್ನಾಗ್ ಬಂದದೆ ನೋಡು.”

ಮಂಜು ಹೊರಗಿನಿಂದ ಬರುವ ಕೇಬಲ್ಲನ್ನು ನೇರವಾಗಿ ಸಲ್ಮಾಳ ಕಂಪ್ಯೂಟರಿಗೆ ಸಿಕ್ಕಿಸಿದ. ಅರ್ಜಿ ಹೋಯಿತು.

ಹೊಸ ಸ್ವಿಚ್ಚಿಗೆ ನಾನು ಬರೆಯುತ್ತಿರುವ ಬೇಡಿಕೆಪತ್ರದಲ್ಲಿ ‘ಹಾಳಾಗಲು ಕಾರಣ’ ಎಂಬ ಜಾಗ ಸಂಜೆಯಾದರೂ ಖಾಲಿಯೇ ಇದೆ.