ದುರುಗಪ್ಪನ ಕೈಯ ಕಪ್ಪು ಹುಣ್ಣು

೧೯೪೧ರಲ್ಲಿ ನಾನು ಜಗಳೂರಿನಲ್ಲಿ ವೆಟರ್ನರಿ ಇನ್ಸ್‌ಪೆಕ್ಟರ್ ಆಗಿದ್ದೆ. ಚನ್ನಗಿರಿಯಿಂದ ವರ್ಗವಾಗಿ ಬಂದು ವರ್ಷ ತುಂಬಿರಲಿಲ್ಲ. ಅಲ್ಲಿ ಎತ್ತು, ಎಮ್ಮೆ ನೋಡಿ ಪಳಗಿದವನಿಗೆ ಇಲ್ಲಿ ಎತ್ತ ನೋಡಿದರೂ ಕುರಿ. ಆಸ್ಪತ್ರೆ ಎಂದರೆ ಎರಡು ಕೋಣೆ, ಒಬ್ಬ ಕಾಂಪೌಂಡರ್ ಮತ್ತು ಮರದ ಪೆಟ್ಟಿಗೆಯಲ್ಲಿ ಒಂದು ಹಿತ್ತಾಳೆಯ ಮೈಕ್ರೋಸ್ಕೋಪ್. ಹಿಂದಿನವರು ಅದನ್ನು ಮುಟ್ಟಿದಂತೆ ಕಾಣಲಿಲ್ಲ. ನಾನು ಬಂದ ವಾರವೇ ಅದನ್ನು ಒರೆಸಿ, ಮಸೂರ ತೊಳೆದು ಸಜ್ಜು ಮಾಡಿಟ್ಟಿದ್ದೆ.

ಬೇಸಿಗೆ ಮುಗಿದು ಮೊದಲ ಮಳೆ ಬಿದ್ದಿತ್ತು. ಒಂದು ಬೆಳಿಗ್ಗೆ ಪೊಲೀಸ್ ದಫೇದಾರರು ಆಸ್ಪತ್ರೆಗೆ ಬಂದರು.

"ಹಟ್ಟಿಯೊಂದರಾಗೆ ಕುರಿ ಸಾಯಾಕೆ ಹತ್ಯಾವೆ ಸಾರ್. ಯಾರೋ ವಿಷ ಹಾಕ್ಯಾರಂತೆ. ಹಾಕಿದೋನ್ನ ಹಿಡಿದು ಚಾವಡಿ ಕಂಬಕ್ಕೆ ಕಟ್ಯಾರೆ. ನೀವು ಬಂದು ವಿಷ ಅಂತ ಬರೆದುಕೊಟ್ರೆ ನಾನು ಅವನ್ನ ಕರ್ಕೊಂಡು ಹೋಗ್ತೀನಿ."

ಚರ್ಮದ ಆಸೆಗೆ ಜಾನುವಾರುಗಳಿಗೆ ಪಾಷಾಣ, ಅಂದರೆ ಆರ್ಸೆನಿಕ್, ತಿನ್ನಿಸುವವರಿದ್ದಾರೆ, ಎಚ್ಚರದಿಂದಿರಿ ಎಂದು ನಮಗೆ ಕಾಲೇಜಿನಲ್ಲೇ ಹೇಳಿಕೊಟ್ಟಿದ್ದರು. ಆದ್ದರಿಂದ ಗಾಡಿ ಏರುವಾಗ ನನ್ನ ಮನಸ್ಸಿನಲ್ಲೂ ಇದ್ದದ್ದು ವಿಷವೇ. ಆದರೂ ಮೈಕ್ರೋಸ್ಕೋಪಿನ ಪೆಟ್ಟಿಗೆಯನ್ನು ಗಾಡಿಗೆ ಹಾಕಿಸಿದೆ.

ಕಂಬಕ್ಕೆ ಕಟ್ಟಿದ್ದವನ ಹೆಸರು ದುರುಗಪ್ಪ. ಸತ್ತ ದನಕುರಿಗಳ ಚರ್ಮ ಸುಲಿಯುವುದು ಅವನ ಮನೆತನದ ಕೆಲಸ. ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಸತ್ತ ಕುರಿಗಳೆಲ್ಲ ಕೆಂಚಮ್ಮ ಎಂಬ ವಿಧವೆಯವು. ಗಂಡ ಹೋದ ಮೇಲೆ ಹಟ್ಟಿಯಲ್ಲೇ ದೊಡ್ಡದಾದ ಆ ಮಂದೆಯನ್ನು ಒಬ್ಬಳೇ ಕಟ್ಟಿಕೊಂಡು ಬಂದ ಹೆಂಗಸು. ಅವಳು ನನ್ನನ್ನು ಕಂಡವಳೇ ದುರುಗಪ್ಪನ ಬಲಗೈಯತ್ತ ಬೆರಳು ಮಾಡಿ ತೋರಿಸಿದಳು.

"ನೋಡ್ರಿ ಡಾಕ್ಟ್ರೇ. ಹಾಕಿದ ವಿಷ ಅವನ ಕೈಯಿಗೇ ಹತ್ತೈತೆ. ಇನ್ನೇನು ಸಾಕ್ಷಿ ಬೇಕು?"

ಮುಂಗೈಯ ಮೇಲೆ ರೂಪಾಯಿ ಅಗಲದ ಹುಣ್ಣು. ನಡುವೆ ಇದ್ದಿಲಿನಷ್ಟು ಕಪ್ಪು, ಸುತ್ತ ಸಣ್ಣ ನೀರುಗುಳ್ಳೆಗಳ ಸಾಲು. ಮೊಣಕೈವರೆಗೆ ಬಾವು ಏರಿ, ಕಟ್ಟಿದ್ದ ಹಗ್ಗ ಮಾಂಸದೊಳಗೆ ಹೂತುಹೋಗಿತ್ತು. ಮೊದಲು ಹಗ್ಗ ಬಿಚ್ಚಿಸಿದೆ. ಗುಂಪಿನಲ್ಲಿ ಗೊಣಗಾಟ ಎದ್ದಿತು.

"ಹುಣ್ಣು ನೋಯುತ್ತದೆಯೇನಪ್ಪ?"

"ಹಗ್ಗ ಕಟ್ಟಿದ್ದು ನೋಯ್ತೈತೆ ಸ್ವಾಮಿ. ಹುಣ್ಣು ನೋಯಾಂಗಿಲ್ಲ."

ಅಷ್ಟು ಕೆಟ್ಟ ಹುಣ್ಣು ನೋಯುವುದಿಲ್ಲ ಎಂದಾಗ ನನ್ನ ಅನುಮಾನ ಬೇರೆ ದಿಕ್ಕಿಗೆ ತಿರುಗಿತು. ಆಂಥ್ರಾಕ್ಸ್ ಎಂಬ ರೋಗವಿದೆ. ನಮ್ಮ ಕಡೆ ನೆರಡಿ ಎನ್ನುತ್ತಾರೆ. ಆ ಗ್ರೀಕ್ ಹೆಸರಿನ ಅರ್ಥವೇ ಇದ್ದಿಲು. ಕುರಿಗಳನ್ನು ನಿಂತ ನಿಲುವಿನಲ್ಲೇ ಕೆಡವುತ್ತದೆ. ಸತ್ತ ಪ್ರಾಣಿಯನ್ನು ಸುಲಿದವರ ಚರ್ಮದ ಗೀರಿನಿಂದ ಒಳಗೆ ಹೊಕ್ಕರೆ ಇಂಥದೇ ನೋವಿಲ್ಲದ ಕಪ್ಪು ಹುಣ್ಣು ಏಳುತ್ತದೆ. ಆದರೆ ಅನುಮಾನಕ್ಕೆ ಇನ್ನೊಂದು ಅನುಮಾನ ಉತ್ತರವಾಗುವುದಿಲ್ಲ. ಅದನ್ನು ಕಣ್ಣಿಂದ ಕಾಣಬೇಕಿತ್ತು.

ಹಿಂದಿನ ದಿನ ಸತ್ತು ಉಬ್ಬಿದ್ದ ಕುರಿಯೊಂದರ ಕಿವಿಯಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದೆ. ಬ್ಯಾಕ್ಟೀರಿಯಾಕ್ಕೆ ತನ್ನದೇ ಬಣ್ಣವಿಲ್ಲ. ನೀರಿನಲ್ಲಿ ಗಾಜಿನ ಚೂರಿದ್ದಂತೆ, ಇದ್ದರೂ ಕಾಣದು. ಅದಕ್ಕೇ ಬಣ್ಣ ಕೊಡಬೇಕು. ಒಣಗಿದ ರಕ್ತವನ್ನು ಸ್ಪಿರಿಟ್ ದೀಪದ ಮೇಲೆ ಹಗುರಾಗಿ ಆಡಿಸಿ ಗಾಜಿಗೆ ಕಚ್ಚಿಸಿ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹೊಯ್ದು, ತೊಳೆದು ಒಣಗಿಸಿದೆ. ಚಾವಡಿಯ ಜಗಲಿಯ ಮೇಲೆ ಮೈಕ್ರೋಸ್ಕೋಪ್ ಇಟ್ಟು, ಅದರ ಕನ್ನಡಿಯನ್ನು ಬೆಳಕಿನತ್ತ ತಿರುಗಿಸಿ, ಎಣ್ಣೆಯ ಮಸೂರ ಇಳಿಸಿದೆ. ಗಾಜಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ನೋಡುವ ಈ ಮಸೂರ ವಸ್ತುವನ್ನು ಸುಮಾರು ಸಾವಿರ ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ಕಡ್ಡಿಯಾಕಾರದ ಜೀವಿಗಳೇನೋ ಕಂಡವು. ನನಗೆ ನಂಬಿಕೆ ಬರಲಿಲ್ಲ. ಪ್ರಾಣಿ ಸತ್ತು ಹೊತ್ತಾದರೆ ಕರುಳಿನಲ್ಲಿರುವ ಕೊಳೆಸುವ ಬ್ಯಾಕ್ಟೀರಿಯಾಗಳೂ ರಕ್ತಕ್ಕೆ ಏರುತ್ತವೆ, ಅವೂ ಕಡ್ಡಿಗಳೇ. ಅವುಗಳ ತುದಿ ದುಂಡಗೆ. ಆಂಥ್ರಾಕ್ಸಿನ ಕಡ್ಡಿಯ ತುದಿ ಕತ್ತರಿಸಿದಂತೆ ಚಪ್ಪಟೆ. ಅದರ ಜೀವಕೋಶದ ಗೋಡೆಯ ಹೊರಗೆ ಲೋಳೆಯಂಥ ಒಂದು ಕವಚವೂ ಇರುತ್ತದೆ. ರಕ್ತದ ಬಿಳಿಕಣಗಳು ತನ್ನನ್ನು ನುಂಗದಂತೆ ಪ್ರಾಣಿಯ ಮೈಯೊಳಗೆ ಅದು ತೊಡುವ ಕವಚ. ನನ್ನ ಬಾಟಲಿಯಲ್ಲಿದ್ದಂತೆ ಬಹುಕಾಲ ಇಟ್ಟು ಹಳತಾದ ಮೆಥಿಲೀನ್ ಬ್ಲೂ ಹಾಕಿದರೆ ಕಡ್ಡಿ ನೀಲಿಯಾಗಿ, ಕವಚ ಗುಲಾಬಿಯಾಗಿ ತೋರುತ್ತದೆ. ಹೆಣ ಕೊಳೆತರೆ ಕವಚವೂ ಕರಗಿಹೋಗುತ್ತದೆ. ನನಗೆ ಬೇಕಾದದ್ದು ಆಗತಾನೇ ಸತ್ತ ಕುರಿ.

ಅದಕ್ಕೆ ಬಹಳ ಕಾಯಬೇಕಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಮ್ಮ ಕಣ್ಣೆದುರೇ ಒಂದು ಟಗರು ನಡುಗಿತು, ಅಡ್ಡಬಿತ್ತು, ಕಾಲು ಜಾಡಿಸಿತು. ಮೂಗಿನಿಂದ ಕಪ್ಪು ರಕ್ತ ಸುರಿದು ಸತ್ತಿತು.

"ಹೊಟ್ಟೆ ಕೊಯ್ಸಿರಿ," ಎಂದರು ಊರ ಪಟೇಲರು. "ಒಳಗೆ ವಿಷ ಇದ್ರೆ ಎಲ್ರೂ ನೋಡ್ಲಿ."

"ಕೊಯ್ಯಬಾರದು," ಎಂದೆ. ಕೊಯ್ಯದ ಹೆಣದೊಳಗೆ ಈ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ಹೆಣ ಕೊಯ್ದು ಗಾಳಿ ತಾಗಿಸಿದರೆ ಅದು ಬೀಜದಂಥ ಸ್ಪೋರ್ ಆಗಿ ಗಟ್ಟಿಯಾಗುತ್ತದೆ. ಮಣ್ಣಿನಲ್ಲಿ ಎಷ್ಟೋ ವರ್ಷ ಬಿಸಿಲು, ಬರಗಳನ್ನು ತಾಳಿಕೊಂಡು ಬಿದ್ದಿರುತ್ತದೆ. ಇದನ್ನೆಲ್ಲ ವಿವರಿಸಿದೆ. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಹಗ್ಗ ಬಿಚ್ಚಿಸಿದ್ದೂ ನಾನೇ, ಹೊಟ್ಟೆ ಕೊಯ್ಯಬೇಡಿ ಎಂದದ್ದೂ ನಾನೇ.

"ಡಾಕ್ಟ್ರು ಅವನ ಕಡೇರು," ಎಂದು ಹಿಂದಿನಿಂದ ಯಾರೋ ಕೂಗಿದರು. ದಫೇದಾರರು ನನ್ನ ಮುಖ ನೋಡಿದ ರೀತಿಯೂ ಬದಲಾಗಿತ್ತು.

ಕೆಂಚಮ್ಮ ಮುಂದೆ ಬಂದಳು. "ನಿಮ್ಮ ಗಾಜಿನಾಗೆ ರೋಗ ಕಾಣ್ತೈತೆ ಅಂತೀರಿ. ಆ ಗಾಜಿನಾಗೆ ನೀವೇ ಏನಾರ ಮೊದ್ಲೇ ಹಾಕಿಟ್ಟಿದ್ರೆ? ಮೋಸ ಇಲ್ಲ ಅಂತ ನಾನು ಹೆಂಗೆ ನಂಬಾದು?"

ಒಂದು ಕ್ಷಣ ಸಿಟ್ಟು ಬಂತು. ಮರುಕ್ಷಣ ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸಿತು. "ನೀನೇ ಪರೀಕ್ಷೆ ಮಾಡಮ್ಮ," ಎಂದೆ.

ಅವಳೇ ಒಂದು ಆರೋಗ್ಯದ ಕುರಿಯನ್ನು ಆರಿಸಿ ಎಳೆದು ತಂದಳು. ಅದರ ಕಿವಿಯ ರಕ್ತ ಒಂದು ಗಾಜಿಗೆ, ಸತ್ತ ಟಗರಿನದು ಇನ್ನೊಂದಕ್ಕೆ. ಎರಡನ್ನೂ ದೀಪದ ಮೇಲೆ ಕಾಯಿಸಿ, ಅಂಚು ಮಾತ್ರ ಹಿಡಿಯಬೇಕೆಂದು ಹೇಳಿ ಅವಳ ಕೈಗೆ ಕೊಟ್ಟೆ. ಅವಳು ಚಾವಡಿಯ ಹಿಂದಕ್ಕೆ ಹೋಗಿ ಒಂದು ಗಾಜಿನ ಮೂಲೆಯನ್ನು ಕಲ್ಲಿಗೆ ತಾಗಿಸಿ ಮುಕ್ಕು ಮಾಡಿಕೊಂಡು ಬಂದಳು. ಮುಕ್ಕಾದದ್ದು ಯಾವ ಕುರಿಯದೆಂದು ಅವಳೊಬ್ಬಳಿಗೇ ಗೊತ್ತು. ಎರಡಕ್ಕೂ ಅದೇ ಬಾಟಲಿಯ ಬಣ್ಣ ಹೊಯ್ದೆ, ಅದೇ ಕೊಡದ ನೀರಿನಲ್ಲಿ ತೊಳೆದೆ.

ಮೊದಲು ಮುಕ್ಕಾದ ಗಾಜು. ದುಂಡು ರಕ್ತಕಣಗಳು, ಅಲ್ಲೊಂದು ಇಲ್ಲೊಂದು ಬಿಳಿಕಣ, ಬೇರೇನೂ ಇಲ್ಲ. ಎರಡನೆಯದನ್ನು ಇಟ್ಟು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ನೀಲಿ ಕಡ್ಡಿಗಳು ಒಂದರ ತುದಿಗೆ ಒಂದು ತಾಗಿಕೊಂಡು ನಿಂತಿದ್ದವು. ತುದಿಗಳು ಚಪ್ಪಟೆ. ಸುತ್ತ ಗುಲಾಬಿ ಬಣ್ಣದ ಕವಚ ಸ್ಪಷ್ಟವಾಗಿತ್ತು. ಒಂದೊಂದು ಕಡ್ಡಿಯ ಉದ್ದ ಅಂಗುಲದ ಐದು ಸಾವಿರದಲ್ಲಿ ಒಂದು ಪಾಲು ಇದ್ದೀತು.

"ಮುಕ್ಕಾದದ್ದು ಬದುಕಿರುವ ಕುರಿಯದು," ಎಂದೆ.

ಕೆಂಚಮ್ಮ ಸೆರಗು ಬಿಗಿದುಕೊಂಡು ಬಗ್ಗಿ, ಒಂದು ಕಣ್ಣು ಮುಚ್ಚಿ, ತಾನೇ ನೋಡಿದಳು.

"ಬಿದಿರಿನ ಗಿಣ್ಣು ಇದ್ದಂಗೆ ಐತೆ," ಎಂದಳು. "ಸುತ್ತ ಕೆಂಪಗೆ ಏನೋ ಸುತ್ಕಂಡೈತೆ." ಮುಕ್ಕಾದ ಗಾಜನ್ನೂ ಇಡಿಸಿ ನೋಡಿದಳು. "ಹೌದು, ಇದು ಬದುಕಿರೋ ಕುರೀದೇ. ಇದರಾಗೆ ಇಲ್ಲ." ಮತ್ತೆ ಕೇಳಿದಳು: "ಈ ರೋಗಾನೂ ಅವನೇ ತಂದು ಹಾಕಿದ್ರೆ?"

"ಮೊದಲ ಕುರಿ ಸತ್ತಾಗ ಸುಲಿಯಲು ದುರುಗಪ್ಪನನ್ನು ಕರೆಸಿದ್ದು ಯಾರಮ್ಮ?"

"ನಾನೇ."

"ಆಗ ಅವನ ಕೈಯಲ್ಲಿ ಹುಣ್ಣಿತ್ತೇ?"

ಅವಳು ದುರುಗಪ್ಪನ ಕಡೆ ನೋಡಿದಳು. ಅವನು ಕಂಬಕ್ಕೆ ಒರಗಿ ಜ್ವರದಲ್ಲಿ ನಡುಗುತ್ತಿದ್ದ. "ಇರ್ಲಿಲ್ಲ," ಎಂದಳು.

ಅದೇ ಗಾಡಿಯಲ್ಲಿ ಅವನನ್ನು ಜಗಳೂರಿಗೆ ಕರೆದುಕೊಂಡು ಬಂದೆ. ದಫೇದಾರರು ಹಿಂದೆ ಕುಳಿತಿದ್ದರು. ಜನರ ಆಸ್ಪತ್ರೆಯ ಡಾಕ್ಟರು ಹುಣ್ಣಿನ ನೀರನ್ನು ನನ್ನ ಮೈಕ್ರೋಸ್ಕೋಪಿನಲ್ಲೇ ನೋಡಿದರು: ಅವೇ ಕಡ್ಡಿಗಳು. ಪೆನಿಸಿಲಿನ್ ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ಆಗ ಈ ರೋಗಕ್ಕೆ ಕೊಡುತ್ತಿದ್ದ ಇಂಜೆಕ್ಷನ್ನಿನಲ್ಲಿ ಇದ್ದದ್ದು ಪಾಷಾಣದ ಅಂಶವೇ. ಆ ಸಂಗತಿ ಹಟ್ಟಿಗೆ ತಿಳಿಯದಂತೆ ನಾವಿಬ್ಬರೂ ಬಾಯಿ ಬಿಗಿಹಿಡಿದೆವು. ಜ್ವರ ಇಳಿಯಿತು, ಕಪ್ಪು ಹಕ್ಕಳೆ ಉದುರಿ ಗಾಯ ಮಾಗಿತು.

ಬೆಂಗಳೂರಿನಿಂದ ರೋಗ ತಡೆಯುವ ಸೀರಮ್ ತರಿಸಿ ಉಳಿದ ಮಂದೆಗೆ ಚುಚ್ಚಿದೆ. ಹೆಣಗಳನ್ನು ಕೊಯ್ಯದೆ, ಆಳದ ಗುಂಡಿ ತೋಡಿ ಸುಣ್ಣ ಸುರಿದು ಹೂಳಿಸಿದೆ. ಕೆರೆಯ ಏರಿಗೆಂದು ಮಣ್ಣು ಅಗೆದಿದ್ದ ಒಂದು ತಗ್ಗಿನಲ್ಲಿ ಮಳೆಯಾದ ಮೇಲೆ ಎಳೆಹುಲ್ಲು ಚಿಗುರಿತ್ತು; ಮಂದೆ ಅಲ್ಲಿ ಮೇಯುತ್ತಿತ್ತು. ಹಿಂದೆಂದೋ ಸತ್ತ ದನಗಳನ್ನು ಅಲ್ಲಿ ಹೂತಿದ್ದರೆಂದು ಪಟೇಲರು ನೆನಪಿಸಿಕೊಂಡರು. ಸ್ಪೋರ್‌ಗಳು ಎದ್ದದ್ದು ಅಲ್ಲಿಂದಲೇ ಇರಬೇಕು, ಖಚಿತವಾಗಿ ಹೇಳಲಾರೆ. ಮಂದೆಯನ್ನು ಅಲ್ಲಿಂದ ಬಿಡಿಸಿದ ಮೇಲೆ ಸಾವು ನಿಂತಿತು.

ದುರುಗಪ್ಪನ ಕ್ಷಮೆಯನ್ನು ಹಟ್ಟಿಯಲ್ಲಿ ಯಾರೂ ಕೇಳಲಿಲ್ಲ. ಕೆಂಚಮ್ಮ ಮಾತ್ರ ಆಸ್ಪತ್ರೆಗೆ ರಾಗಿ ಹಿಟ್ಟು ಕಳಿಸಿದಳು, ಅವನು ಮುಟ್ಟಲಿಲ್ಲ. ಗುಣವಾದ ಮೇಲೆ ಹೆಂಡತಿ, ಮಗುವಿನೊಂದಿಗೆ ದಾವಣಗೆರೆಯ ಗಿರಣಿ ಕೆಲಸಕ್ಕೆ ಹೊರಟ. ಹೋಗುವ ಮುನ್ನ ನನ್ನ ಬಳಿ ಬಂದು ನಿಂತ. ಕೃತಜ್ಞತೆಯ ಮಾತು ಬರುತ್ತದೆಂದು ನಾನು ಕಾದೆ.

"ನಿಮ್ಮ ಗಾಜಿನಾಗೆ ರೋಗ ಕಾಣಿಸ್ತು, ನಾನು ಬದುಕ್ದೆ," ಎಂದ. "ಅವತ್ತು ಏನೂ ಕಾಣ್ದೇ ಹೋಗಿದ್ರೆ ಏನು ಬರೆದುಕೊಡ್ತಿದ್ರಿ ಸ್ವಾಮಿ?"

ಬಣ್ಣ ಸರಿಯಾಗಿ ಹಿಡಿಯದಿದ್ದರೆ, ಮೋಡ ಮುಚ್ಚಿ ಬೆಳಕು ಸಾಲದಿದ್ದರೆ, ಹೊಸ ಹೆಣ ಸಿಕ್ಕದೇ ಹೋಗಿದ್ದರೆ ಆ ಕಡ್ಡಿಗಳು ನನಗೆ ಕಾಣುತ್ತಿರಲಿಲ್ಲ. ಆದರೂ ಅವನು ಅಷ್ಟೇ ನಿರಪರಾಧಿಯಾಗಿರುತ್ತಿದ್ದ. ಅಲ್ಲಿಂದ ಮುಂದೆ ನಿವೃತ್ತನಾಗುವವರೆಗೆ, ಸ್ಲೈಡಿನಲ್ಲಿ ಏನೂ ಸಿಕ್ಕದಿದ್ದಾಗ ನನ್ನ ವರದಿಗಳಲ್ಲಿ "ರೋಗಾಣು ಇಲ್ಲ" ಎಂದು ಒಮ್ಮೆಯೂ ಬರೆಯಲಿಲ್ಲ. "ನನಗೆ ಕಂಡುಬಂದಿಲ್ಲ" ಎಂದೇ ಬರೆದೆ.